ಹುರಳಿಯ ಮೇಲೆ ನಿಸರ್ಗ ಪ್ರವಾಸ

ಈ ಸಲ ಷಡ್ಡಕನ ನಿಸರ್ಗಪ್ರೇಮದಿಂದ ತನ್ನ ಹುರಳಿಯನ್ನು ಪುಕ್ಕಟೆ ಒಕ್ಕಿಸಿಕೊಳ್ಳದಿದ್ದರೆ ಮೀಸೆ ಬೋಳಿಸಿಕೊಳ್ಳುವುದಾಗಿ ಹತ್ತಿಮತ್ತೂರಿನ ಫಕ್ಕೀರೇಶ ಶನಿವಾರ ಸಂಜೆ ಎಮ್ಮೆಯ ಎದುರು ನಿಂತು ಪ್ರತಿಜ್ಞೆ ಮಾಡಿದ. ಹೆಂಡತಿಯ ಎದುರು ಮಾಡುವಷ್ಟು ಧೈರ್ಯ ಇರಲಿಲ್ಲ.

ಷಡ್ಡಕನೆಂದರೆ ಹೆಂಡತಿ ಸವಿತಾಳ ಅಕ್ಕ ಭಾಗ್ಯಶ್ರೀಯ ಗಂಡ ಪ್ರಶಾಂತ. ಹುಟ್ಟಿದ್ದು ಹುಬ್ಬಳ್ಳಿ ಪೇಟೆಯಲ್ಲಿ, ನೌಕರಿ ಮಂಗಳೂರಿನ ಬ್ಯಾಂಕಿನಲ್ಲಿ, ಜೀವ ಮಾತ್ರ ನಿಸರ್ಗದ ಮಡಿಲಲ್ಲಿ! ರಜೆ ಸಿಕ್ಕರೆ ಸಾಕು, ಕೊರಳಿಗೆ ದುರ್ಬೀನು, ಕಾರಿಗೆ ಪೆಟ್ರೋಲು. ಘಟ್ಟದ ಜಲಪಾತಗಳೆಲ್ಲ ಅವನ ಕಾಟ ತಿಂದು ಮುಗಿದಿದ್ದವು. ಈಗ ಬಯಲುಸೀಮೆಯ ಸರದಿ. ಹಾನಗಲ್ಲಿನ ಕೆರೆ ನೋಡಿಕೊಂಡು ಹತ್ತಿಮತ್ತೂರಿನಲ್ಲಿ ಮಲಗುವುದು, ಮರುದಿನ ಗೊಟಗೋಡಿಯ ರಾಕ್ ಗಾರ್ಡನ್ ಮುಗಿಸಿ ಹಾಗೇ ಮಂಗಳೂರಿಗೆ ವಾಪಸ್. ನಾದಿನಿಯ ಮನೆ ಎಂದರೆ ಅವನಿಗೆ ದಾರಿಯ ಮೇಲಿನ ಚಹಾದಂಗಡಿ ಇದ್ದಂತೆ.

"ಮುಂದ ಸಮುದ್ರ, ಹಿಂದ ಘಟ್ಟ. ನಡುವ ಕುಂತ ಮನುಷ್ಯಾ ನಿಸರ್ಗ ಹುಡುಕ್ಕೊಂತ ನಮ್ಮ ಜಾಲಿಗಿಡದ ತನಕ ಬರ್ತಾನಂದ್ರ ಅವಂಗ ಕಣ್ಣಿನ ಡಾಕ್ಟರ್ ಬೇಕು, ದುರ್ಬೀನಲ್ಲ" ಎಂದ ಫಕ್ಕೀರೇಶ.

"ಅವರು ಬಂದ ನೆವಕ್ಕರ ನಮ್ಮಕ್ಕ ಬರ್ತಾಳ. ಬಾಯಿ ಮುಚ್ಚಿಕೊಂಡಿರ್ರಿ" ಎಂದಳು ಸವಿತಾ.

ಫಕ್ಕೀರೇಶನ ಸಂಕಟ ಬೇರೆಯೇ ಇತ್ತು. ಕಿತ್ತು ಒಣಗಿಸಿದ ಹುರಳಿ ಹೊಲದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಅಕಾಲದ ಮೋಡವೊಂದು ಮುಗಿಲಲ್ಲಿ ಠಿಕಾಣಿ ಹೂಡಿತ್ತು. ಒಕ್ಕುವ ಮಿಷನ್ನಿನ ಹಸನಸಾಬ ಫೋನಿನಲ್ಲಿ, "ಮುಂದಿನ ವಾರ ನೋಡೂಣ್ರಿ" ಎಂದು ಕೈ ತೊಳೆದುಕೊಂಡಿದ್ದ. ಮಳೆ ಬಿದ್ದರೆ ವರ್ಷದ ಬೆಳೆಗೆ ಬೂಸ್ಟು ಹಿಡಿಯುವುದು ಖಂಡಿತ. ಉಳಿದದ್ದು ಒಂದೇ ಉಪಾಯ. ಡಾಂಬರು ರಸ್ತೆಯ ಮೇಲೆ ಹಾಸಿಬಿಟ್ಟರೆ ಓಡಾಡುವ ಗಾಡಿಗಳ ಚಕ್ರಗಳೇ ಕಾಯಿ ಒಡೆದು ಕಾಳು ಬಿಡಿಸುತ್ತವೆ. ಆದರೆ ದೊಡ್ಡ ರಸ್ತೆಯನ್ನು ಊರವರು ಆಗಲೇ ಹಿಡಿದಿದ್ದರು. ಇವನ ಹೊಲದ ಮುಂದಿನ ರಸ್ತೆಯಲ್ಲಿ ಭಾನುವಾರ ಓಡಾಡುವುದು ಕುರಿ, ಆಡು. ಆ ಶೂನ್ಯವನ್ನು ತುಂಬಲೆಂದೇ ದೇವರು ಮಂಗಳೂರಿನಿಂದ ಕಾರೊಂದನ್ನು ಕಳಿಸಿದ್ದ.

ಸವಿತಾ ಮೊದಲೇ ಎಚ್ಚರಿಸಿದ್ದಳು. "ರೋಡಿನ ಮ್ಯಾಲ ಹಾಕಬ್ಯಾಡ್ರಿ. ಹುರಳಿ ಬಳ್ಳಿ ಗಾಡಿಗೆ ಸುತ್ತಿಕೊಂತೇತಿ."

"ನಿನಗೇನ ತಿಳಿತೇತಿ? ನೀ ರೊಟ್ಟಿ ಬಡಿ."

ಭಾನುವಾರ ಬೆಳಕು ಹರಿಯುವ ಮೊದಲೇ ಅವನು ಹುರಳಿಯನ್ನು ರಸ್ತೆಗೆ ಹಾಸಿ ಬಂದ. ಸ್ನಾನ ಮಾಡಿ, ವಿಭೂತಿ ಧರಿಸಿ, ಏನೂ ಅರಿಯದ ಕೂಸಿನ ಮುಖ ಹೊತ್ತು, ರಾತ್ರಿಯೇ ಬಂದು ತಂಗಿದ್ದ ಷಡ್ಡಕನ ಎದುರು ಪಡಸಾಲೆಯಲ್ಲಿ ಬಂದು ಕುಳಿತ.

"ಪ್ರಶಾಂತಣ್ಣಾರ, ಗೊಟಗೋಡಿಗೆ ಮಧ್ಯಾಹ್ನ ಹೋಗೂಣಂತ. ಈಗ ನಮ್ಮ ಹೊಲದ ಕಡೆ ನಿಸರ್ಗ ತೋರಸ್ತೇನಿ ಬರ್ರಿ. ನವಿಲು ಬರ್ತಾವ."

ನವಿಲು ಎಂದದ್ದೇ ತಡ, ಪ್ರಶಾಂತ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಅವನು ಸ್ಟೇರಿಂಗ್ ಹಿಡಿದರೆ ಫಕ್ಕೀರೇಶ ಪಕ್ಕದಲ್ಲಿ ಕುಳಿತ. ಹಿಂದಿನ ಸೀಟಿನಲ್ಲಿ ಭಾಗ್ಯಶ್ರೀ, ಮಡಿಲಲ್ಲಿ ಹುರಿದ ಶೇಂಗಾ.

ಕಾರು ಹುರಳಿಯ ಮೇಲೆ ಏರಿತು. ಕೆಳಗೆ ಚರಚರ ಸದ್ದು ಕೇಳಿ ಫಕ್ಕೀರೇಶನ ಕಿವಿ ತಂಪಾಯಿತು.

"ಏನ್ರಿ ಇದು, ರೋಡ್ ತುಂಬ ಬಳ್ಳಿ?" ಎಂದ ಪ್ರಶಾಂತ.

"ಚಳಿಗಾಲದಾಗ ಹಿಂಗ ರೀ. ಗಿಡಬಳ್ಳಿ ತಾವ ಉದುರಿ ದಾರಿಗೆ ಹಾಸಿಗಿ ಹಾಸ್ತಾವ."

ಪ್ರಶಾಂತ ಕಾರು ನಿಲ್ಲಿಸಿ, ಇಳಿದು, ಆ ಹಾಸಿಗೆಯ ಫೋಟೊ ತೆಗೆದ. ರೈತರಿಗೆ ಸಾಲ ಕೊಡುವಾಗ ಹುರಳಿ, ತೊಗರಿ ಎಂದು ದಿನವೂ ಬರೆದುಕೊಳ್ಳುವ ಮನುಷ್ಯ, ಕಾಲ ಕೆಳಗಿನ ಹುರಳಿಯ ಗುರುತು ಹಿಡಿಯಲಿಲ್ಲ. ಇಂಥವರ ಕೈಯಲ್ಲಿ ದೇಶದ ರೊಕ್ಕ ಇದೆಯಲ್ಲ ಎಂದು ಫಕ್ಕೀರೇಶ ಮನಸ್ಸಿನಲ್ಲೇ ಮರುಗಿದ. ಹಿಂದೆ ಭಾಗ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಳು. ಧೂಳಿರಬೇಕು ಎಂದು ಅವನೇ ಕಿಟಕಿ ಏರಿಸಲು ಹೇಳಿದ.

ಹುರಳಿ ಮುಗಿದಲ್ಲಿ ಒಂದು ಹುಣಸೆಮರ. ಅಲ್ಲಿ ನವಿಲಿರಲಿಲ್ಲ.

"ಈಗಷ್ಟ ಹಿಂದಕ್ಕ ಹಾರೇತ್ರಿ. ಲಗೂನ ಹೊರಳಿಸ್ರಿ."

ಕಾರು ಹುರಳಿಯ ಮೇಲೆ ವಾಪಸ್ ಬಂತು. ಆ ತುದಿಯಲ್ಲೂ ನವಿಲಿಲ್ಲ. ಮತ್ತೆ ಈ ತುದಿಗೆ ಹಾರಿತ್ತಂತೆ! ಇಲ್ಲದ ನವಿಲು ಇದ್ದ ನವಿಲಿಗಿಂತ ಚುರುಕಾಗಿತ್ತು. ಪ್ರತಿ ಸಲವೂ ಫಕ್ಕೀರೇಶ ದಾರಿಯನ್ನೂ ತಿದ್ದುತ್ತಿದ್ದ. "ಈ ಸಲ ಸ್ವಲ್ಪ ಎಡಕ್ಕ ಹೊಡೀರಿ, ಗುಡ್ಡ ಚಲೋ ಕಾಣ್ತೇತಿ." "ಈಗ ಬಲಕ್ಕ ಬರ್ರಿ, ಗಾಳಿ ಆ ಕಡೆಯಿಂದ ಐತಿ." ಚಕ್ರ ತಾಗದ ಒಂದು ಗೇಣು ಹುರಳಿಯನ್ನೂ ಅವನು ಉಳಿಸಲಿಲ್ಲ. ಪ್ರಶಾಂತ ಒಂದು ಕಾಗೆಯನ್ನು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ ಧನ್ಯನಾದ. ಮಂಗಳೂರಿನಲ್ಲಿ ಕಾಗೆಗಳಿಗೇನು ಬರ ಬಂದಿತ್ತೋ.

ಕೊನೆಗೆ ಬಳ್ಳಿಯ ನಡುವೆ ಕಾಳು ಮಿನುಗತೊಡಗಿತು. ಫಕ್ಕೀರೇಶನ ಎದೆ ಉಬ್ಬಿತು. ಹಸನಸಾಬನ ಮಿಷನ್ ಹಾಳಾಗಿ ಹೋಗಲಿ!

"ಇಷ್ಟ ಸಾಕು ಬಿಡ್ರಿ ಅಣ್ಣಾರ. ಇವತ್ತ ನವಿಲಿನ ಮನಸ್ಸಿಲ್ಲ. ಊಟಕ್ಕ ಹೋಗೂಣು."

ಆಗ ಹಿಂದಿನ ಸೀಟಿನಿಂದ ಭಾಗ್ಯಶ್ರೀ ಬಾಯಿ ಬಿಟ್ಟಳು. "ಏ, ಇನ್ನೊಂದೆರಡ ಸುತ್ತು ಹೊಡೀರಿ. ನಾ ನವಿಲ ನೋಡದ ಬರೂದಿಲ್ಲ. ಜೋರಾಗಿ ಹೊಡೀರಿ, ಹಾರಿ ಹೋಗೂದ್ರಾಗ ಹಿಡಿಯೂಣು."

ಬೇಡವೆನ್ನಲು ಫಕ್ಕೀರೇಶನಿಗೆ ಹುಚ್ಚೇ? ಪುಕ್ಕಟೆ ಬಂದದ್ದು ಇನ್ನೂ ಎರಡು ಸುತ್ತು ಬಂದರೆ ಹೊಟ್ಟೂ ಮೆತ್ತಗಾಗುತ್ತದೆ. ಹೊಡೆಸಿದ.

ಎರಡನೆಯ ಸುತ್ತಿನಲ್ಲಿ ಕಾರಿನ ಹೊಟ್ಟೆಯಿಂದ ಕೊರ್ ಎಂದು ಸದ್ದು ಬಂತು. ಅದರ ಹಿಂದೆಯೇ ಹುರಿದ ಹುರಳಿಯ ಘಮ.

"ಆಹಾ, ಎಂಥಾ ವಾಸನಿ. ಇದೂ ನಿಸರ್ಗದ್ದೇನ್ರಿ?" ಎಂದ ಪ್ರಶಾಂತ.

"ಹೌದ್ರಿ" ಎಂದ ಫಕ್ಕೀರೇಶ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ನಿಸರ್ಗ ಕಪ್ಪಗೆ ಮೇಲೇಳತೊಡಗಿತು.

ಮೂವರೂ ಇಳಿದು ಓಡಿದರು. ಬಗ್ಗಿ ನೋಡಿದರೆ ಬಳ್ಳಿ ಕಾರಿನ ಅಡಿಯಲ್ಲಿ ಹಗ್ಗದಂತೆ ಹೊಸೆದುಕೊಂಡು ಹೊಗೆಯಾಡುತ್ತಿತ್ತು. ಫಕ್ಕೀರೇಶ ಹೊಲದ ಕಾಲುವೆಗೆ ಹಾರಿ, ದಂಡೆಯ ಮೇಲಿದ್ದ ಕೊಡ ತುಂಬಿ ತುಂಬಿ ತಂದು ಸುರಿದ. ಕಾರು ಆರಿತು. ನೀರು ಹರಿದು ಹುರಳಿಯೆಲ್ಲ ತೊಯ್ದು ತೊಪ್ಪೆಯಾಯಿತು. ಯಾವ ಮಳೆಗೆ ಹೆದರಿ ಇಷ್ಟೆಲ್ಲ ಮಾಡಿದನೋ, ಆ ಮಳೆಯನ್ನು ಅವನೇ ಕೊಡದಲ್ಲಿ ಹೊತ್ತು ತಂದು ಸುರಿದಿದ್ದ. ಅವನಿಗೆ ಅಳುವೇ ಬಂತು.

ಸವಣೂರಿನಿಂದ ಬಂದ ಮೆಕ್ಯಾನಿಕ್ ಖಲಂದರ ಕಾರಿನಡಿ ಮಲಗಿ ನೋಡಿ ತಲೆ ಅಲ್ಲಾಡಿಸಿದ. "ವೈರೆಲ್ಲಾ ಕರಗ್ಯಾವ್ರಿ. ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಗುರುವಾರ ಅಂತ ಇಟ್ಕೊರ್ರಿ. ಯಾವ ಮೂರ್ಖ ಇಲ್ಲಿ ಹುರಳಿ ಹಾಸಿದಾಂವ?"

"ಹುರಳಿ?" ಎಂದ ಪ್ರಶಾಂತ. "ಹಾಸಿದ್ರು? ಯಾರು?"

"ಯಾರೋ ಏನೋ. ಊರ ಮಂದಿಗೆ ಬುದ್ಧಿ ಇಲ್ರಿ" ಎಂದ ಫಕ್ಕೀರೇಶ.

ಅದೇ ಹೊತ್ತಿಗೆ ಪಕ್ಕದ ಹೊಲದ ಕರಿಬಸಪ್ಪ ಆಡು ಹೊಡೆದುಕೊಂಡು ಬಂದ. "ಅಲ್ಲೋ ಫಕ್ಕೀರೇಶ, ನಸುಕಿನ್ಯಾಗ ಅಷ್ಟ ತ್ರಾಸ ತಗೊಂಡು ಹಾಸಿದಿ. ಈಗ್ಯಾಕ ನೀರ ಹಾಕಿದಿ?"

ಪ್ರಶಾಂತ ದುರ್ಬೀನನ್ನು ಕಣ್ಣಿಗಿಟ್ಟುಕೊಂಡು, ಮಾರು ದೂರದಲ್ಲಿ ನಿಂತ ಷಡ್ಡಕನ ಮುಖವನ್ನು ಕಾಗೆಯನ್ನು ನೋಡಿದಂತೆಯೇ ಬಹಳ ಹೊತ್ತು ನೋಡಿದ.

ಸೋಮವಾರ ಮುಂಜಾನೆ ಫಕ್ಕೀರೇಶ ಅಂಗಳದಲ್ಲಿ ಹುರಳಿ ಹರವಿ, ಒಣಗಿದಷ್ಟನ್ನು ಬಡಿಗೆ ಹಿಡಿದು ಬಡಿಯುತ್ತಿದ್ದ. ಮೈಯೆಲ್ಲ ಹೊಟ್ಟು, ಕಡಿತ. ರಜೆ ಹಾಕಿದ ಪ್ರಶಾಂತ ಕುರ್ಚಿಯಲ್ಲಿ ಕುಳಿತು ಅದನ್ನೇ ಮೊಬೈಲಿನಲ್ಲಿ ಹಿಡಿದು ಮಂಗಳೂರಿಗೆ ಕಳಿಸುತ್ತಿದ್ದ. ಕಟ್ಟೆಯ ಮೇಲೆ ಅಕ್ಕತಂಗಿಯರು ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚಿಕೊಂಡು ನಗುತ್ತಿದ್ದರು. ಸವಿತಾ ಇಷ್ಟು ನಕ್ಕದ್ದನ್ನು ಅವನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಪ್ರಶಾಂತ ಚಹಾಕ್ಕೆಂದು ಒಳಗೆ ಹೋದಾಗ ಫಕ್ಕೀರೇಶ ತಲೆ ತಗ್ಗಿಸಿ ಕಟ್ಟೆಯ ಬಳಿ ಬಂದ. "ಭಾಗ್ಯಕ್ಕಾರ, ತಪ್ಪಾತ್ರಿ. ನನ್ನಿಂದ ನಿಮ್ಮ ಪ್ರವಾಸ ಹಾಳಾತು."

"ಹಿರೇಕೆರೂರಾಗ ಹುಟ್ಟಿದಾಕಿಗೆ ರೋಡಿನ ಮ್ಯಾಲಿನ ಹುರಳಿ ಗೊತ್ತಾಗೂದಿಲ್ಲೇನ್ರಿ?" ಎಂದಳು ಭಾಗ್ಯಶ್ರೀ. "ಚಕ್ರ ಏರಿದ ಕೂಡಲೇ ಗೊತ್ತಾತು."

ಫಕ್ಕೀರೇಶ ತಟ್ಟನೆ ತಲೆ ಎತ್ತಿದ. "ಗೊತ್ತಿದ್ದೂ ಮತ್ಯಾಕ್ರೀ ಇನ್ನೊಂದೆರಡ ಸುತ್ತು ಅಂದ್ರಿ? ಅದೂ ಜೋರಾಗಿ?"

"ಕಾರು ನೆಟ್ಟಗಿದ್ರ ಈ ಮನುಷ್ಯಾ ನನ್ನ ತಂಗಿ ಮನ್ಯಾಗ ಎರಡ ದಿನ ಇರಾಕ ಬಿಡ್ತಿದ್ದಾ ಏನು?" ಅವಳು ಒಳಗೊಮ್ಮೆ ಹಣಕಿ ನೋಡಿ ದನಿ ತಗ್ಗಿಸಿದಳು. "ಗುರುವಾರ ಕಾರು ರಿಪೇರಿ ಆಗಿ ಬರ್ತೇತಂತ. ಹೊಲದಾಗ ಇನ್ನೂ ಸ್ವಲ್ಪ ಹುರಳಿ ಉಳದಿದ್ರ, ಶುಕ್ರವಾರ ನಸುಕಿನ್ಯಾಗ ಹಾಸಿ ಬರ್ರಿ."