ಕತ್ತರಿಯ ಪಾಲು

ಸುಳ್ಳು ಹೇಳುವುದು ಪಾಪವೆಂದು ಎಲ್ಲರೂ ಬಲ್ಲರು. ಆದರೆ ದರ್ಜಿಗೆ ಎರಡು ಸುಳ್ಳುಗಳ ಮಟ್ಟಿಗೆ ರಿಯಾಯಿತಿ ಇದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಒಂದು, ‘ಗುರುವಾರ ಬರ್ರಿ, ರೆಡಿ ಇರ್ತದ’ ಎನ್ನುವುದು. ಇನ್ನೊಂದು, ‘ಬಟ್ಟಿ ಸಾಲಲಿಲ್ರಿ’ ಎನ್ನುವುದು. ಮೊದಲನೆಯದನ್ನು ಗಿರಾಕಿಗಳೇ ನಂಬುವುದಿಲ್ಲ. ಗುರುವಾರ ಎಂದರೆ ಅವರು ಮುಂದಿನ ಮಂಗಳವಾರ ಬರುತ್ತಾರೆ, ನಾನು ಅವರನ್ನು ನೋಡಿದ ಮೇಲೆ ಕತ್ತರಿ ಹುಡುಕುತ್ತೇನೆ. ಹೀಗೆ ಇಬ್ಬರಿಗೂ ಗೊತ್ತಿರುವ ಸುಳ್ಳು ಒಂದು ಥರದ ಒಪ್ಪಂದ, ಅದರಲ್ಲಿ ಪಾಪವಿಲ್ಲ. ಎರಡನೆಯದು ಹಾಗಲ್ಲ. ಅದನ್ನು ಗಿರಾಕಿ ನಂಬುತ್ತಾನೆ.

ನಮ್ಮ ಹಳ್ಳಿ ಸರಸಂಬಾದಲ್ಲಿ ಮನೆಯ ಕಟ್ಟೆಯ ಮೇಲೆ ಮಷಿನ್ನು ಹಾಕಿಕೊಂಡು ಹೊಲಿಯುತ್ತಿದ್ದ ನಮ್ಮಪ್ಪ, ಬಟ್ಟೆ ಕತ್ತರಿಸುವಾಗ ಬದಿಗೆ ಬಿದ್ದ ತುಂಡುಗಳನ್ನು ‘ಕತ್ತರಿಯ ಪಾಲು’ ಎಂದು ಕರೆಯುತ್ತಿದ್ದ. ಹಾಲು ಹಿಂಡುವವನ ಕೈಗೆ ನೊರೆ ಹತ್ತುವುದಿಲ್ಲವೇ, ಹಾಗೆ ಎನ್ನುವುದು ಅವನ ವಾದ. ಅಪ್ಪನ ಕತ್ತರಿ ಸಂಭಾವಿತ ಕತ್ತರಿ, ಬೆರಳಗಲದ ಚೂರಿಗೇ ತೃಪ್ತಿಪಡುತ್ತಿತ್ತು. ನಾನು ಅಫಜಲಪುರಕ್ಕೆ ಬಂದು ಅಂಗಡಿ ಹಾಕಿದ ಮೇಲೆ ನನ್ನ ಕತ್ತರಿಗೆ ಹಸಿವು ಸ್ವಲ್ಪ ಹೆಚ್ಚಾಯಿತು. ಒಮ್ಮೊಮ್ಮೆ ಗೇಣಗಲ, ಒಮ್ಮೊಮ್ಮೆ ಮೊಳ. ಆ ತುಂಡುಗಳನ್ನೆಲ್ಲ ಒಂದು ಹಳೆಯ ಲುಂಗಿಯಲ್ಲಿ ಗಂಟು ಕಟ್ಟಿ ಕಟಿಂಗ್ ಟೇಬಲ್ಲಿನ ಕೆಳಗೆ ಇಡುತ್ತಿದ್ದೆ. ಅದರಿಂದ ಹೊದೆಯಲು ಒಂದು ದೊಡ್ಡ ಕೌದಿ ಹೊಲಿಯಬೇಕೆಂದು ನನ್ನ ಹೆಂಡತಿ ಮಹಾದೇವಿ ಮದುವೆಯಾದ ವರ್ಷವೇ ಹೇಳಿದ್ದಳು. ನಾನು ಗುರುವಾರ ಶುರು ಮಾಡೋಣ ಎಂದಿದ್ದೆ. ಗಂಟು ಬೆಳೆಯುತ್ತ ಬೆಳೆಯುತ್ತ ಟೇಬಲ್ಲಿನ ಕೆಳಗೆ ನನ್ನ ಕಾಲಿಗೆ ಜಾಗವಿಲ್ಲದಂತಾಯಿತು.

ಇಷ್ಟರಲ್ಲಿ ಕೊರೊನಾ ಬಂತು. ಮೊದಲ ಸುತ್ತು ಹೇಗೋ ಕಳೆಯಿತು. ಎರಡನೆಯ ಸುತ್ತಿಗೆ ಮದುವೆಗಳು ಮನೆಯೊಳಗೇ ಮುಗಿದವು, ಶಾಲೆಗಳಿಗೆ ಬೀಗ, ಘತ್ತರಗಿಯ ದೇವಿ ಗುಡಿಗೆ ಹೋಗುವ ಬಸ್ಸುಗಳೂ ನಿಂತವು. ಮನೆಯಲ್ಲೇ ಕೂತ ಮನುಷ್ಯನಿಗೆ ಹೊಸ ಅಂಗಿ ಯಾಕೆ ಬೇಕು? ಹಳೆಯ ಬನಿಯನ್ನೇ ಸಾಕು. ನಾನೂ ಬನಿಯನ್ನಿನಲ್ಲೇ ಕೂತಿದ್ದೆ. ಆಗ ಸೊಲ್ಲಾಪುರದಿಂದ ಮಹಾದೇವಿಯ ತಮ್ಮ ಫೋನು ಮಾಡಿದ. ಅಲ್ಲಿ ಒಂದು ಕಾರ್ಖಾನೆಯಲ್ಲಿ ಅವನು ಬಟ್ಟೆ ಹೊಲಿಯುತ್ತಾನೆ. “ಮಾಮಾ, ಅಂಗಡಿ ಖಾಲಿ ಮಾಡಿ ಬಂದುಬಿಡ್ರಿ. ಇಲ್ಲಿ ಕಾಲರ್ ಹೊಲಿಯೋ ಕೆಲಸ ಅದ,” ಎಂದ. ಅಂಗಿ ಎಂದಿದ್ದರೆ ಹೋಗಿಬಿಡುತ್ತಿದ್ದೆನೋ ಏನೋ. ಬರೀ ಕಾಲರ್. ತೋಳಿಗೆ ಬೇರೆಯವನು, ಗುಂಡಿಗೆ ಬೇರೆಯವನು. ತಾನು ಹೊಲಿದ ಅಂಗಿಯನ್ನು ಇಡಿಯಾಗಿ ನೋಡಬೇಕೆಂದರೆ ಬಜಾರಿಗೆ ಹೋಗಿ ನೋಡಬೇಕು. ಮೂವತ್ತು ವರ್ಷದಿಂದ ಊರಿನ ಭುಜ, ಎದೆ, ಹೊಟ್ಟೆಗಳ ಏರಿಳಿತವನ್ನೆಲ್ಲ ಬಲ್ಲ ನನಗೆ ಆ ಮಾತು ಕೇಳಿ ನಿಜವಾಗಿಯೂ ಅಳು ಬಂತು. ಶಾಲೆಗಳು ಎಂದಾದರೂ ತೆರೆದೇ ತೆರೆಯುತ್ತವೆ. ಆ ಹೊತ್ತಿಗೆ ದಾರ, ಕ್ಯಾನ್‌ವಾಸು, ಗುಂಡಿ ತಂದಿಟ್ಟುಕೊಂಡು ಮಷಿನ್ನು ರಿಪೇರಿ ಮಾಡಿಸಿದರೆ ಯೂನಿಫಾರ್ಮ್ ಕೆಲಸ ಹಿಡಿದು ಅಂಗಡಿ ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಸೊಲ್ಲಾಪುರದ ಕಾಲರ್ ನನ್ನ ಕೊರಳಿಗೆ ಬಿದ್ದಂತೆಯೇ.

ಅದೇ ವಾರ ಟಿವಿಯಲ್ಲಿ ಸುದ್ದಿ ಬಂತು. ಕ್ಷೌರಿಕರು, ದರ್ಜಿಗಳು, ಮೆಕ್ಯಾನಿಕ್‌ಗಳು ಹೀಗೆ ಸ್ವಂತ ಕಸುಬಿನವರಿಗೆ ಸರ್ಕಾರ ಸಹಾಯಧನ ಕೊಡುತ್ತದಂತೆ, ಅರ್ಜಿ ಹಾಕಬೇಕಂತೆ. ಅಂಗಡಿಯ ಪಕ್ಕದಲ್ಲಿ ಪಂಕ್ಚರ್ ಹಾಕುವ ಮೈಬೂಬ ಭಾಯಿ ಮರುದಿನ ಬೆಳಿಗ್ಗೆಯೇ ನಮ್ಮ ಮನೆಯ ಮುಂದೆ ನಿಂತರು.

“ಮಾಸ್ತರ, ನಾ ಹಾಕೀನಿ ಅರ್ಜಿ. ನೀವು ಯಾವಾಗ ಹಾಕ್ತೀರಿ?” ಎಂದರು.

“ನೋಡೋಣ ಭಾಯಿ, ಗುರುವಾರ,” ಎಂದೆ.

ನನ್ನ ಸಮಸ್ಯೆ ಮೈಬೂಬ ಭಾಯಿಗೆ ತಿಳಿಯುವಂಥದಲ್ಲ. ದರ್ಜಿ ಕೈ ಚಾಚಬೇಕಾದ್ದು ಅಳತೆ ತೆಗೆಯುವುದಕ್ಕೆ ಮಾತ್ರ ಎಂದು ನಮ್ಮಪ್ಪ ಹೇಳುತ್ತಿದ್ದ. ಬೇಡುವುದಕ್ಕೆ ಚಾಚಿದ ಕೈಯಿಂದ ನಾಳೆ ಇನ್ನೊಬ್ಬರ ಭುಜದ ಅಳತೆ ತೆಗೆಯುವುದು ಹೇಗೆ? ಹೀಗೆ ನಾನು ದೊಡ್ಡ ಮನುಷ್ಯನ ಥರ ಎರಡು ದಿನ ಯೋಚಿಸಿದೆ. ಯೋಚನೆಗೆ ಖರ್ಚಿಲ್ಲ ನೋಡಿ, ಮೂರನೆಯ ದಿನವೂ ಯೋಚಿಸುತ್ತಿದ್ದೆ. ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಮೂವತ್ತು ವರ್ಷ ಮಂದಿ ಅಳತಿ ತಗೊಂಡೀರಿ. ಒಮ್ಮೆ ನಿಮ್ಮ ಅಳತಿನೂ ನೋಡ್ಕೋರಿ,” ಎಂದಳು. “ಭಿಕ್ಷಾ ಬೇಡಾಕತ್ತೀರೇನು? ಕೆಲಸ ನಿಂತದ, ನಿಂತದ ಅಂತ ಬರೀರಿ. ಅದರಾಗೇನು ಸುಳ್ಳದ?”

ಅಡ್ಡಿ ಇದ್ದದ್ದು ಅಲ್ಲೇ. ಅರ್ಜಿಯ ಕೊನೆಗೆ ‘ಮೇಲೆ ಹೇಳಿದ್ದೆಲ್ಲವೂ ಸತ್ಯ’ ಎಂಬ ಒಂದು ಸಾಲಿದೆ, ಅದರ ಕೆಳಗೆ ಸಹಿ ಮಾಡಬೇಕು ಎಂದು ಮೈಬೂಬ ಭಾಯಿ ಹೇಳಿದ್ದರು. ಸತ್ಯ ಎಂದು ಬರೆದುಕೊಡುವುದು ನನಗೆ ರೂಢಿಯಿಲ್ಲದ ಕೆಲಸ. ಆದರೆ ಇದನ್ನು ಹೆಂಡತಿಗೆ ಹೇಳಲಾಗುತ್ತದೆಯೇ? ಹೇಳುವ ಅಗತ್ಯವೂ ಇರಲಿಲ್ಲ, ಅವಳಿಗೆ ಗೊತ್ತಿತ್ತು. ನನ್ನ ಸ್ವಂತ ಅಂಗಿಯ ಎರಡನೆಯ ಗುಂಡಿ ಹಚ್ಚಿಕೊಳ್ಳಲು ಅವಳು ಎಷ್ಟು ಗುರುವಾರಗಳಿಂದ ಹೇಳುತ್ತಿದ್ದಾಳೋ ಆ ದೇವರೇ ಬಲ್ಲ.

ಅರ್ಜಿಯನ್ನು ಮುಂದಕ್ಕೆ ಹಾಕಲು ನನಗೊಂದು ಒಳ್ಳೆಯ ಕೆಲಸವೂ ಸಿಕ್ಕಿತು. ಓಣಿಯಲ್ಲಿ ಎಷ್ಟೋ ಮಂದಿ ಮೂಗಿಗೆ ಸೆರಗು, ಕರವಸ್ತ್ರ ಕಟ್ಟಿಕೊಂಡು ಓಡಾಡುತ್ತಿದ್ದರು. ಇವರಿಗೆಲ್ಲ ಮಾಸ್ಕ್ ಹೊಲಿದುಕೊಟ್ಟರೆ ಹೇಗೆ ಎಂದು ಹೊಳೆಯಿತು. ಬಟ್ಟೆ? ಟೇಬಲ್ಲಿನ ಕೆಳಗೆ ಗಂಟು ಕೂತೇ ಇತ್ತು. ಕುಂಟುತ್ತಿದ್ದ ಮಷಿನ್ನನ್ನೂ ಗಂಟನ್ನೂ ಮನೆಗೆ ತಂದು ಹೊಲಿಯತೊಡಗಿದೆ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಹಸಿರು, ಗುಲಾಬಿ, ಚೌಕುಳಿ, ಜರಿಯ ಅಂಚು ಇರುವುದು, ಹೀಗೆ ದಿನಕ್ಕೆ ಹತ್ತಿಪ್ಪತ್ತು. ಓಣಿಯವರು ಕೈಮುಗಿದು ತೆಗೆದುಕೊಂಡು ಹೋಗುತ್ತಿದ್ದರು. ನನಗೋ ದಾನಶೂರನಾದೆನೆಂಬ ಹಿಗ್ಗು. ಪರರ ಸೊತ್ತಿನಲ್ಲಿ ದಾನ ಮಾಡುವಾಗ ಕೈ ಎಷ್ಟು ಧಾರಾಳವಾಗುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು.

ಒಂದು ದಿನ ಕೊನೆಯ ಮನೆಯ ಟೀಚರಮ್ಮ, ತರಕಾರಿ ಮಾರುವ ಹೆಂಗಸಿನ ಮುಖವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರಂತೆ. ಆಮೇಲೆ ನಮ್ಮ ಬಾಗಿಲಿಗೆ ಬಂದರು. “ಮಾಸ್ತರ, ನನ್ನ ರೇಶ್ಮಿ ಕುಪ್ಪಸಕ್ಕ ಬಟ್ಟಿ ಸಾಲಲಿಲ್ಲ ಅಂತ ತೋಳು ಗಿಡ್ಡ ಮಾಡಿದ್ರಿ, ನೆನಪದ ಏನು?” ಎಂದರು. ನಾನು ಮಷಿನ್ನಿಗೆ ಎಣ್ಣೆ ಹಾಕುವವನಂತೆ ಬಗ್ಗಿದೆ. “ಇರ್ಲಿ ಬಿಡ್ರಿ,” ಎಂದು ಅವರೇ ನಕ್ಕು ಹೋದರು. ಆಗ ನನಗೆ ನಾನು ಮಾಡಿದ ಅನಾಹುತ ಅರ್ಥವಾಯಿತು. ಮೂವತ್ತು ವರ್ಷ ಕತ್ತಲಲ್ಲಿ ಬಚ್ಚಿಟ್ಟಿದ್ದನ್ನು ನನ್ನ ಕೈಯಾರೆ ಊರವರ ಮುಖಕ್ಕೆ ಕಟ್ಟಿ, ಬೀದಿಗೆ ಬಿಟ್ಟಿದ್ದೆ. ಅಂದಿನಿಂದ ಯಾರಾದರೂ ಯಾರದಾದರೂ ಮುಖವನ್ನು ದಿಟ್ಟಿಸಿದರೆ ನಾನು ಮತ್ತೆ ಮಷಿನ್ನಿಗೆ ಎಣ್ಣೆ ಹಾಕಲು ಬಗ್ಗುತ್ತಿದ್ದೆ.

ಸೊಲ್ಲಾಪುರದಿಂದ ಮತ್ತೆ ಫೋನು ಬಂದ ದಿನ ಮಹಾದೇವಿ ನನ್ನ ಟ್ರಂಕನ್ನು ಒರೆಸಿ ಇಟ್ಟಳು. ಟ್ರಂಕು ನೋಡಿದ ಮೇಲೆ ಅಪ್ಪನ ಮಾತು ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ. ಮೈಬೂಬ ಭಾಯಿಯ ಜೊತೆ ಹೋಗಿ ಅರ್ಜಿ ಹಾಕಿ ಬಂದೆ. “ಶರಮ್ ಯಾಕ್ರಿ ಮಾಸ್ತರ? ಕಡ್ಡಿಪೆಟ್ಟಿಗಿ ತಗೊಂಡ್ರೂ ಟ್ಯಾಕ್ಸ್ ಕೊಡ್ತೀವಿ. ನಮ್ಮದೇ ಒಂದೀಟು ತಿರುಗಿ ಬರಾಕತ್ತದ,” ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿದರು. ಆದರೆ ಅರ್ಜಿಯ ಜೊತೆ ನಾನು ದರ್ಜಿ ಎನ್ನುವುದಕ್ಕೆ ದಾಖಲೆ ಬೇಕಿತ್ತು. ಲೈಸೆನ್ಸು ಮಾಡಿಸಿರಲಿಲ್ಲ, ಯಾವತ್ತು ಮಾಡಿಸೋಣ ಎಂದುಕೊಂಡಿದ್ದೆ ಎಂಬುದನ್ನು ನೀವೇ ಊಹಿಸಬಲ್ಲಿರಿ. ದಾಖಲೆ ಇಲ್ಲದವರ ಮನೆಗೆ ಪುರಸಭೆಯ ಬಿಲ್ ಕಲೆಕ್ಟರ್ ಸಾಹೇಬರು ಬಂದು, ನೋಡಿ, ಖಾತ್ರಿ ಮಾಡಿಕೊಂಡು ಬರೆದುಕೊಡುತ್ತಾರೆ ಎಂದು ಕಚೇರಿಯವರು ಹೇಳಿದರು.

ಬಿಲ್ ಕಲೆಕ್ಟರ್ ಸಾಹೇಬರು ಎಂದ ಕೂಡಲೇ ನನಗೆ ಗಂಟು ನೆನಪಾಯಿತು. ಐದಾರು ವರ್ಷದ ಹಿಂದೆ ಅವರ ಮಾವ ತಂದುಕೊಟ್ಟ ಬೂದು ಬಣ್ಣದ ಚೌಕುಳಿ ಬಟ್ಟೆಯಲ್ಲಿ ನಾನು ಅವರಿಗೊಂದು ಸಫಾರಿ ಹೊಲಿದಿದ್ದೆ. ಪ್ಯಾಂಟಿಗೆ ಹಿಂದಿನ ಕಿಸೆ ಇಟ್ಟಿರಲಿಲ್ಲ. ‘ಬಟ್ಟಿ ಸಾಲಲಿಲ್ಲ ಸಾಹೇಬ್ರ’ ಎಂದಿದ್ದೆ. ಪಾಪ, ಆ ಮನುಷ್ಯ ಅಂದಿನಿಂದ ಪಾಕೀಟು, ಕರವಸ್ತ್ರ, ಬಾಚಣಿಗೆ ಎಲ್ಲವನ್ನೂ ಎದೆಯ ಕಿಸೆಯಲ್ಲೇ ತುಂಬಿಕೊಂಡು ಓಡಾಡುತ್ತಿದ್ದಾರೆ.

ಅವರು ಬಂದ ದಿನ ಅದೇ ಸಫಾರಿ ಹಾಕಿಕೊಂಡಿದ್ದರು. ಕುರ್ಚಿಯಲ್ಲಿ ಕೂತು ಮಷಿನ್ನನ್ನು ನೋಡಿದರು. “ಮಷಿನ್ನು ಎಷ್ಟೋ ಮನ್ಯಾಗ ಇರ್ತದ ಮಾಸ್ತರ. ನೀವು ದರ್ಜಿ ಅನ್ನೋದು ನನಗ ಗೊತ್ತದ. ಆದರ ನನಗ ಗೊತ್ತದ ಅಂತ ಕಾಗದದಾಗ ಬರಿಯಾಕ ಬರಂಗಿಲ್ಲ. ಕಣ್ಣಿಗಿ ಕಾಣೋದು ಏನಾರ ಬೇಕು,” ಎಂದರು. ಅಳತೆಯ ಪುಸ್ತಕ ತೋರಿಸಿದೆ. ಅದರಲ್ಲಿ ಪ್ರತಿಯೊಂದು ಹೆಸರಿನ ಮುಂದೆಯೂ ‘ಗುರುವಾರ’ ಎಂದಿತ್ತು. ಸಾಹೇಬರು ನಾಲ್ಕು ಪುಟ ತಿರುವಿ ಮುಚ್ಚಿದರು. ಅಕ್ಕಪಕ್ಕದವರು ಯಾರಾದರೂ ಸಾಕ್ಷಿ ಹೇಳಿದರೆ ನಡೆದೀತು ಎಂದರು. ಮಹಾದೇವಿ ಓಡಿಹೋಗಿ ಮೈಬೂಬ ಭಾಯಿಯನ್ನು ಕರೆತಂದಳು.

ಮೈಬೂಬ ಭಾಯಿ ಬಾಗಿಲಲ್ಲಿ ನಿಂತರು. ಅವರ ಮುಖದ ಮೇಲೆ ಬೂದು ಬಣ್ಣದ ಚೌಕುಳಿ ಮಾಸ್ಕ್ ಇತ್ತು.

ಸಾಹೇಬರು ಆ ಮಾಸ್ಕನ್ನು ನೋಡಿದರು. ತಮ್ಮ ತೋಳನ್ನು ನೋಡಿಕೊಂಡರು. ಮತ್ತೆ ಮಾಸ್ಕನ್ನು ನೋಡಿದರು. ನನ್ನ ಅಂಗಡಿ, ನನ್ನ ಮಷಿನ್ನು, ನನ್ನ ಯೂನಿಫಾರ್ಮ್ ಕೆಲಸ ಎಲ್ಲ ಆ ಮೂರು ನೋಟದಲ್ಲಿ ಸೊಲ್ಲಾಪುರದ ಬಸ್ಸು ಹತ್ತಿದವು. ಮೈಬೂಬ ಭಾಯಿಗೆ ಇದಾವುದೂ ಗೊತ್ತಿಲ್ಲ. “ಮಾಸ್ತರ ಹೊಲಿದ ಮಾಸ್ಕ್ ಸಾಹೇಬ್ರ,” ಎಂದು ಹೆಮ್ಮೆಯಿಂದ ಸಾಕ್ಷಿ ನುಡಿದರು. “ಬಟ್ಟಿ ಭಾಳ ದಪ್ಪ ಅದ. ಉಸಿರೇ ಒಳಗ ಬರಂಗಿಲ್ಲ, ಇನ್ನ ಬೀಮಾರಿ ಎಲ್ಲಿಂದ ಬರ್ತದ?”

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. “ಸಾಹೇಬ್ರ, ಅವತ್ತು ಬಟ್ಟಿ ಸಾಲಿತ್ತು. ನಾನೇ ಸುಳ್ಳು ಹೇಳೀನಿ,” ಎಂದೆ. ಹೇಳುವಾಗ ನನ್ನ ಧ್ವನಿ ನನಗೇ ಬೇರೆಯವರದೆನಿಸಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಒಳಗೆಲ್ಲೋ ಬಿಗಿಯಾಗಿದ್ದ ಹೊಲಿಗೆಯೊಂದು ಬಿಚ್ಚಿದಂತೆ ಹಗುರಾಯಿತು.

ಸಾಹೇಬರು ತುಂಬಿದ ಎದೆಯ ಕಿಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ನನ್ನ ಸಫಾರಿ ಇನ್ನ ಎಷ್ಟು ಮಾರಿ ಮ್ಯಾಲ ಅದ?” ಎಂದು ಕೇಳಿದರು.

“ಇನ್ನೊಂದು ಅದ ಸಾಹೇಬ್ರ. ನಿಮ್ಮ ಕಚೇರಿ ಸಿಪಾಯಿಗಿ ಕೊಟ್ಟೀನಿ.”

“ಹೌದೇನು?” ಎಂದರು ಸಾಹೇಬರು. “ಅದಕ್ಕೇ ಹದಿನೈದು ದಿನದಿಂದ ಆ ಮನಷ್ಯಾನ ಮಾರಿ ನೋಡಿದ್ರ ನಮ್ಮ ಮಾವ ನೆನಪಾಗಾಕತ್ತಾರ. ತಲಿ ಕೆಟ್ಟದೇನೋ ಅಂತ ಡಾಕ್ಟರಿಗಿ ತೋರಸ್ಬೇಕು ಅಂದಿದ್ದೆ.”

ಮೊದಲು ನಕ್ಕವಳು ಮಹಾದೇವಿ, ಸೆರಗಿನ ಮರೆಯಲ್ಲಿ. ಆಮೇಲೆ ಸಾಹೇಬರು ನಕ್ಕರು, ಎದೆಯ ಕಿಸೆಯಲ್ಲಿದ್ದ ಬಾಚಣಿಗೆ, ಪಾಕೀಟು ಎಲ್ಲ ಕುಲುಕುವಂತೆ ನಕ್ಕರು. ಪೆನ್ನು ತೆಗೆದು ಕಾಗದದ ಮೇಲೆ ಬರೆದು ನನಗೇ ಓದಿ ಹೇಳಿದರು: ‘ಸದರಿ ಅರ್ಜಿದಾರರು ವೃತ್ತಿಯಿಂದ ದರ್ಜಿ ಇರುವುದನ್ನು ಖುದ್ದಾಗಿ ಕಂಡು ಖಾತ್ರಿಪಡಿಸಿಕೊಳ್ಳಲಾಗಿದೆ.’ ಸಹಿ ಮಾಡಿ, “ಮಷಿನ್ನು ಯಾರರೆ ಇಟ್ಕೋತಾರ ಮಾಸ್ತರ. ಇಂಥಾ ಕೆಲಸ ದರ್ಜಿ ಬಿಟ್ಟು ಬ್ಯಾರೆ ಯಾರೂ ಮಾಡಂಗಿಲ್ಲ,” ಎಂದರು.

ಹೀಗೆ ಮೂವತ್ತು ವರ್ಷದ ದುಡಿಮೆಗೆ ಸಿಗದ ದಾಖಲೆ ಒಂದು ತುಂಡು ಬಟ್ಟೆಗೆ ಸಿಕ್ಕಿತು. ಹಣವೂ ಬಂತು. ದೊಡ್ಡದೇನಲ್ಲ, ಆದರೆ ಮಷಿನ್ನು ರಿಪೇರಿಯಾಯಿತು, ದಾರ ಗುಂಡಿಗಳು ಬಂದವು. ಮಹಾದೇವಿ ಟ್ರಂಕನ್ನು ಅಟ್ಟಕ್ಕೆ ಏರಿಸಿದಳು. ಕೆಲವು ತಿಂಗಳ ಮೇಲೆ ಶಾಲೆ ತೆರೆದಾಗ ಮಕ್ಕಳೆಲ್ಲ ಒಂದೊಂದು ಗೇಣು ಬೆಳೆದಿದ್ದರು, ಹಳೆಯ ಯೂನಿಫಾರ್ಮ್ ಒಂದೂ ಹಿಡಿಸುತ್ತಿರಲಿಲ್ಲ. ಬೆಳೆಯುವ ಮಕ್ಕಳಷ್ಟು ಒಳ್ಳೆಯ ಗಿರಾಕಿಗಳು ದರ್ಜಿಗೆ ಬೇರೆ ಯಾರಿದ್ದಾರೆ? ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಂತ ಅವರ ಭುಜಗಳಿಗೆ ಟೇಪು ಹಿಡಿದಾಗ ಕೈ ಚಾಚುವುದರ ಬಗ್ಗೆ ಅಪ್ಪ ಹೇಳಿದ್ದು ನೆನಪಾಯಿತು, ಮುಜುಗರವೇನೂ ಆಗಲಿಲ್ಲ.

ಈ ನಡುವೆ ಸಾಹೇಬರ ಋಣವೊಂದು ಬಾಕಿ ಇತ್ತು. ಅಂಗಡಿ ತೆರೆದ ದಿನವೇ ನಾನಾಗಿ ಅವರನ್ನು ಕರೆದು ಪ್ಯಾಂಟು ಇಸಿದುಕೊಂಡೆ, ಗುರುವಾರ ಬರ್ರಿ ಎಂದೆ. ಮಷಿನ್ನಿನ ಜೊತೆ ಅಂಗಡಿಗೆ ಮರಳಿದ್ದ ಗಂಟಿನ ತಳದಲ್ಲಿ ಅದೇ ಬೂದು ಚೌಕುಳಿಯ ಇನ್ನೊಂದು ತುಂಡು ಇತ್ತು. ದೇವರಾಣೆ, ಗುರುವಾರ ಬೆಳಿಗ್ಗೆಯೇ ಹಿಂದಿನ ಕಿಸೆ ಸಿದ್ಧವಾಗಿತ್ತು. ಸಾಹೇಬರು ಅಂಗಡಿಯಲ್ಲೇ ಹಾಕಿಕೊಂಡು ಪಾಕೀಟನ್ನು ಹಿಂದಕ್ಕೆ ಸೇರಿಸಿ ನೋಡಿದರು. ಅದು ಒಳಗೆ ಇಳಿಯಲು ಸ್ವಲ್ಪ ಒದ್ದಾಡಿತು.

“ಕಿಸೆ ಯಾಕೋ ಸಣ್ಣದಾದಂಗ ಅದಲ್ರಿ ಮಾಸ್ತರ?” ಎಂದರು.

“ಬಟ್ಟಿ ಸಾಲಲಿಲ್ಲ ಸಾಹೇಬ್ರ,” ಎಂದೆ. ಮಾತು ಬಾಯಿಂದ ಬಿದ್ದ ಮೇಲೆಯೇ ನಾನು ಟೇಬಲ್ಲಿನ ಕೆಳಗೆ ನೋಡಿದ್ದು. ಬೂದು ಚೌಕುಳಿಯ ಗೇಣಗಲದ ತುಂಡೊಂದು ಗಂಟಿನ ಬಾಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ನಾನು ಕಾಲಿನಿಂದ ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿದೆ.