ಮಗ್ಗದ ಮನೆಯ ಊಟ

ಊರ ಬಾಯಿಗೆ ಬೀಳಬೇಕಾದರೆ ಕೆಲವರು ಏನಾದರೂ ಘನಂದಾರಿ ಕೆಲಸ ಮಾಡಬೇಕಾಗುತ್ತದೆ. ನನಗೆ ಅಷ್ಟು ಕಷ್ಟವಿಲ್ಲ. ಎಲೆಯ ಮುಂದೆ ಕೂತರೆ ಸಾಕು, ಮಿಕ್ಕದ್ದು ತಾನಾಗಿಯೇ ಆಗುತ್ತದೆ. ಅದರಲ್ಲೂ ಮೊಳಕಾಲ್ಮೂರಿನ ಆ ಮನೆಯಲ್ಲಿ ನಾನು ಉಂಡೆದ್ದಷ್ಟು ಸಲವೂ ನಗೆಪಾಟಲಾಗಿದ್ದೇನೆ.

ನಮ್ಮದು ನೇಕಾರರ ಕುಲ. ಆದರೆ ತಾತನ ಕಾಲಕ್ಕೇ ಮಗ್ಗ ಬಿಟ್ಟು ಚಳ್ಳಕೆರೆಯಲ್ಲಿ ಜವಳಿ ಅಂಗಡಿ ಇಟ್ಟೆವು. ಮಗ್ಗದ ಹಿಂದೆಯೇ ಮನೆಮಾತಾಗಿದ್ದ ತೆಲುಗೂ ಹೋಯಿತು. ಉಳಿದದ್ದು ‘ನಾವು ನೇಕಾರರು’ ಎನ್ನುವ ಜಂಬ ಒಂದೇ. ಮೋಟಾರು ಎಂಬುದನ್ನು ನಾವಿನ್ನೂ ಕಂಡಿರದ ಕಾಲ ಅದು. ಎತ್ತಿನ ಗಾಡಿಯಲ್ಲಿ ಮೊಳಕಾಲ್ಮೂರಿಗೆ ಹೋಗಿ ಸೀರೆ ತರುವ ಕೆಲಸವನ್ನು ಅಪ್ಪ ನನಗೆ ಹಚ್ಚಿದ್ದ. ಸೀರೆ ಕೊಳ್ಳಲು ಹೋದ ನಮ್ಮವರಿಗೆಲ್ಲ ಅಲ್ಲಿ ಒಂದೇ ಊಟದ ಮನೆ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನದರಲ್ಲಿ ಒಲೆ. ಯಜಮಾನ ನೇಯುತ್ತಿದ್ದ, ಅವನ ಹೆಂಡತಿ ಬೇಯಿಸಿ ಬಡಿಸುತ್ತಿದ್ದಳು, ಅವನ ಮುದಿ ತಾಯಿ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಾ ಇಬ್ಬರನ್ನೂ ಆಳುತ್ತಿದ್ದಳು. ಒಬ್ಬಳು ಮಗಳೂ ಇದ್ದಳು. ನಾನು ಇಷ್ಟೆಲ್ಲ ಅನುಭವಿಸಿದ್ದು ಅವಳಿಂದಲೇ.

ಗೌರವದ ಆಸನ

ಮೊದಲ ಸಲ ಹೋದಾಗ ಉರಿಬಿಸಿಲು. ಹೊರಗಿನಿಂದ ಒಳಗೆ ಕಾಲಿಟ್ಟರೆ ಏನೂ ಕಾಣದು. ಬಾಗಿಲಲ್ಲೇ ನಿಂತು ನನ್ನ ಕುಲಗೋತ್ರ ಎಲ್ಲ ಹೇಳಿ, “ನಾವು ತಲೆತಲಾಂತರದಿಂದ ನೇಕಾರರು ಕಣ್ರೀ” ಎಂದೆ. ಯಜಮಾನಿ ಸಂತೋಷಪಟ್ಟು, “ಕುಂತ್ಕೊಳ್ರಿ, ಎಲೆ ಹಾಕ್ತೀನಿ” ಎಂದಳು.

ಒಳಗೆ ನಾಲ್ಕಾರು ಮಂದಿ ನೆಲದ ಮೇಲೆ ಸಾಲಾಗಿ ಉಣ್ಣುತ್ತಿದ್ದರು. ಒಂದು ಕಡೆ ಮಾತ್ರ ಕಾಲು ಇಳಿಬಿಟ್ಟು ಕೂರಲು ಸೊಗಸಾದ ಗುಂಡಿ, ಅದರ ಮುಂದೆ ಬಟ್ಟೆ ಹೊದಿಸಿದ ಅಡ್ಡ ಮರ. ಚಳ್ಳಕೆರೆಯ ವ್ಯಾಪಾರಿ ಬರುತ್ತಾನೆಂದು ವಿಶೇಷವಾಗಿ ಏರ್ಪಾಡು ಮಾಡಿದ್ದಾರೆ ಎಂದುಕೊಂಡೆ. ಮನಸ್ಸು ತುಂಬಿ ಬಂತು. ಗುಂಡಿಗೆ ಕಾಲು ಬಿಟ್ಟು, ಮರದ ಮೇಲೆ ಎಲೆ ಹಾಸಿಕೊಂಡು ಕೂತೆ. ಕೆಳಗೆ ಕಾಲಿಗೆ ಏನೋ ಹಲಗೆ ಸಿಕ್ಕಿತು. ಕಾಲು ಚಾಚಲು ಅದನ್ನೂ ಮಾಡಿಸಿದ್ದಾರಲ್ಲ ಎಂದು ಒತ್ತಿದೆ. ನೆತ್ತಿಯ ಮೇಲೆ ಲಟಕ್ಕೆಂದು ಏನೋ ಎದ್ದಿತು, ಇನ್ನೇನೋ ಇಳಿಯಿತು. ಎಲೆ ಜಾರಿ ನನ್ನ ಮಡಿಲಿಗೆ ಬಂತು.

ಮುದುಕಿ ಕುಟ್ಟಾಣಿ ನಿಲ್ಲಿಸಿದಳು. “ಏನು ನಾಯನಾ, ಉಣ್ಣಾಕೆ ಬಂದೀಯೋ, ನೇಯಾಕೆ ಬಂದೀಯೋ? ಮಗ್ಗಕ್ಕೇ ಕುಂತೀಯಲ್ಲ!”

ಆಗ ರಾಟೆಯ ಹಿಂದಿನಿಂದ ಒಂದು ನಗು ಬಂತು. ಆ ಮನೆಯ ಮಗಳದು. ಅಷ್ಟು ಚೆಂದದ ನಗುವನ್ನು ನಾನು ಆವರೆಗೆ ಕೇಳಿರಲಿಲ್ಲ. ನಗುತ್ತಿದ್ದುದು ನನ್ನನ್ನು ನೋಡಿ ಎಂಬುದೂ ಮರೆತುಹೋಯಿತು. ಮದುವೆಯಾದರೆ ಇವಳನ್ನೇ ಎಂದು ಗುಂಡಿಯಲ್ಲಿ ಕೂತೇ ತೀರ್ಮಾನಿಸಿದೆ. ಆದರೆ ಮುದುಕಿ ಅಷ್ಟರಲ್ಲೇ ಸೊಸೆಗೆ ಹೇಳುತ್ತಿದ್ದಳು: “ನೇಕಾರನಂತೆ! ಇವನ ಕೈಗೆ ನೂಲು ಕೊಟ್ರೆ ಉಡಿದಾರ ಮಾಡ್ಕಂತಾನೆ.”

ಸಾಕು, ಬೇಕು

ಹೆಣ್ಣು ಬೇಕೆಂದರೆ ಮುದುಕಿ ಒಪ್ಪಬೇಕು. ಮುದುಕಿ ಒಪ್ಪಬೇಕೆಂದರೆ ಸಭ್ಯನಂತೆ ಕಾಣಬೇಕು. ಸಭ್ಯರು ಮಿತವಾಗಿ ಉಣ್ಣುತ್ತಾರೆಂದು ನಾನು ಎರಡನೇ ಮುದ್ದೆಗೇ “ಸಾಕ್ರಿ” ಎಂದೆ.

“ಸಂಕೋಚ ಪಡ್ತಾನೆ, ಹಾಕೇ” ಎಂದಳು ಮುದುಕಿ. ಮುದ್ದೆ ಬಿತ್ತು. ಕೈ ಅಡ್ಡ ಹಿಡಿದೆ. “ಪಾಪ, ಹೊಸಬ” ಎಂದು ಯಜಮಾನಿ ನನ್ನ ಕೈ ಸರಿಸಿ ಇನ್ನೊಂದು ಇಟ್ಟಳು. ಅಂದು ಗಾಡಿ ಹತ್ತಲು ಗಾಡಿಯವನೇ ಹಿಂದಿನಿಂದ ದಬ್ಬಬೇಕಾಯಿತು.

ಮುಂದಿನ ಸಲ ಉಪಾಯ ಬದಲಾಯಿಸಿದೆ. ಸಾಕೆಂದರೆ ಹಾಕುವವರು ಬೇಕೆಂದರೆ ಬಿಟ್ಟಾರೆಂದು, ಹೊಟ್ಟೆ ತುಂಬುತ್ತಿದ್ದಂತೆ “ಇನ್ನೊಂದು ಹಾಕ್ರಿ” ಎಂದು ಧೈರ್ಯವಾಗಿ ಹೇಳಿದೆ. ಯಜಮಾನಿ ಅತ್ತೆಯ ಮುಖ ನೋಡಿದಳು.

“ನೋಡ್ತೀಯೇನೇ? ಹೋದ ಸಲ ಅರೆಹೊಟ್ಟೇಲಿ ಕಳಿಸೀಯ, ಈಗ ಬಾಯಿ ಬಿಟ್ಟು ಕೇಳ್ತಾವ್ನೆ. ಎರಡು ಹಾಕು!”

ಸತ್ತ ಅಜ್ಜಿ

ಆ ಮನೆಯ ಪುಂಡಿಸೊಪ್ಪಿನ ಚಟ್ನಿ ತಿಂದವರೇ ಬಲ್ಲರು. ಅದರಲ್ಲಿ ಸೊಪ್ಪು ನೆಪಕ್ಕೆ, ಮಿಕ್ಕದ್ದು ಮೆಣಸಿನಕಾಯಿ. ನಾನೋ, ಆ ಹುಡುಗಿಗೆ ಕೇಳಿಸಲೆಂದು “ಖಾರ ಅಂದ್ರೆ ನಮಗೆ ಬೆಲ್ಲ ಇದ್ದಂಗೆ” ಎಂದು ದೊಡ್ಡ ಗಂಟಲಲ್ಲಿ ಹೇಳಿ ಒಂದು ಉಂಡೆ ಬಾಯಿಗಿಟ್ಟೆ.

ಕಿವಿ ಮುಚ್ಚಿಕೊಂಡಿತು. ಕಣ್ಣಲ್ಲಿ ಧಾರೆ. ರಾಟೆ ನಿಂತಿತು, ಅವಳು ನೋಡುತ್ತಿದ್ದಳು. ಯಜಮಾನಿ ಗಾಬರಿಯಾಗಿ, “ಯಾಕಪ್ಪಾ ಅಳ್ತೀಯಾ?” ಎಂದಳು. ಖಾರ ಎನ್ನಲು ಮಾನ ಬಿಡಲಿಲ್ಲ. “ನಮ್ಮಜ್ಜಿ ಹಿಂಗೇ ಮಾಡ್ತಿದ್ಳು. ನೆನಪಾಯ್ತು” ಎಂದುಬಿಟ್ಟೆ.

“ಅಯ್ಯೋ, ಪಾಪ!” ಎಂದು ಅವಳೂ ಕಣ್ಣೊರೆಸಿಕೊಂಡು ಇನ್ನೊಂದು ಹಿಡಿ ಚಟ್ನಿ ಹಾಕಿದಳು. ಅಂದಿನಿಂದ ನಾನು ಬಂದಾಗಲೆಲ್ಲ ಅಜ್ಜಿಯ ಹೆಸರಲ್ಲಿ ಪುಂಡಿಸೊಪ್ಪು ತಪ್ಪಲಿಲ್ಲ. ನಾನು ಅಳುವುದೂ ತಪ್ಪಲಿಲ್ಲ. ಮುದುಕಿ ಕೂಡ, “ಹಿರೇರ ಮೇಲೆ ಎಂಥ ಪ್ರೀತಿ” ಎಂದು ಮೆತ್ತಗಾಗಿದ್ದಳು. ಕೆಲಸ ಕೈಗೂಡಿತೆಂದೇ ನಾನು ಹಿಗ್ಗಿದೆ.

ಒಂದು ದಿನ ಯಜಮಾನ ಯಾವುದೋ ಕೆಲಸಕ್ಕೆ ಚಳ್ಳಕೆರೆಗೆ ಬಂದವನು ನಮ್ಮ ಅಂಗಡಿಗೂ ಬಂದ. ಅಪ್ಪನ ಕೈ ಹಿಡಿದುಕೊಂಡು, “ನಿಮ್ಮವ್ವ ಹೋದದ್ದು ನಮಗೆ ಗೊತ್ತೇ ಆಗಲಿಲ್ಲ ನೋಡ್ರಿ. ನಿಮ್ಮ ಹುಡುಗ ನೆನೆಸ್ಕಂಡು ನೆನೆಸ್ಕಂಡು ಅಳ್ತಾನೆ” ಎಂದ.

ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದ ನಮ್ಮಜ್ಜಿ ತಲೆಯೆತ್ತಿ ಲೊಚಗುಟ್ಟಿದಳು. “ಯಾರಪ್ಪಾ ಹೋದದ್ದು? ವಯಸ್ಸಾಗಿತ್ತಾ?”

ಗಂಜಿ

ಇಷ್ಟಾದ ಮೇಲೆ ಆ ಹೊಸಿಲು ತುಳಿಯಲು ನನಗೆ ಮುಖವಿರಲಿಲ್ಲ. ಊಟ ಸೇರದು, ನಿದ್ದೆ ಬಾರದು. ಬೇರೆ ಹೆಣ್ಣಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದೆ. ಕೊನೆಗೆ ನಮ್ಮಜ್ಜಿಯೇ ಅಪ್ಪನನ್ನು ಗದರಿದಳು: “ನನ್ನ ಸಾಯ್ಸಿದ್ರೆ ಸಾಯ್ಸಿದ. ಆ ಹುಡುಗೀನ ಹೋಗಿ ಕೇಳ್ಬಾರೋ!”

ಅಪ್ಪ, ನಾನು ಹೊರಟೆವು. ದಾರಿಯುದ್ದಕ್ಕೂ ಅಪ್ಪನದು ಒಂದೇ ಪಾಠ. “ಲೇ, ಅಲ್ಲಿ ಏನೂ ಮಾತಾಡಬ್ಯಾಡ. ಏನೂ ಮುಟ್ಟಬ್ಯಾಡ. ಹೇಳಿದ ಕಡೆ ಕುಂತ್ಕೋ.”

ನಾನು ನೆಲ ನೋಡಿಯೇ ಕೂತೆ. ಅಪ್ಪನನ್ನು ಯಜಮಾನ ಒಳಗೆ ಕರೆದುಕೊಂಡು ಹೋದ. ಯಜಮಾನಿ ಒಲೆಯ ಮುಂದಿನಿಂದಲೇ ಕೂಗಿದಳು: “ಬಿಸಿಲಾಗೆ ಬಂದೀಯ, ಬಾಗಿಲ ಹತ್ರ ಗಡಿಗೇಲಿ ಜೋಳದ ಅಂಬಲಿ ಐತೆ, ಕುಡಿಯಪ್ಪಾ.” ಬಾಗಿಲಿಗೆ ಎರಡು ಪಕ್ಕ, ಎರಡು ಪಕ್ಕಕ್ಕೂ ಒಂದೊಂದು ಗಡಿಗೆ. ನಾನು ಹತ್ತಿರದ್ದಕ್ಕೆ ಚೊಂಬು ಅದ್ದಿದೆ.

ಮಂದವಾಗಿ, ಹುಳಿಯಾಗಿ, ಗಂಟಲಲ್ಲಿ ಅಂಟಿಕೊಂಡೇ ಇಳಿಯಿತು. ಮೂಲೆಯಿಂದ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಮುಖ ಸಿಂಡರಿಸಿದರೆ ಸಂಬಂಧ ಮುರಿದಂತೆಯೇ. ಚಪ್ಪರಿಸಿ, “ಅಂಬಲಿ ಅಂದ್ರೆ ಇದಪ್ಪ!” ಎಂದು ಇನ್ನೊಂದು ಚೊಂಬು ಕುಡಿದೆ. ಅವಳು ಇನ್ನೂ ನೋಡುತ್ತಿದ್ದಳು. ಮತ್ತೊಂದೂ ಕುಡಿದೆ.

ಯಜಮಾನ ಕೈಯಲ್ಲಿ ಕುಂಚ ಹಿಡಿದು ಹೊರಗೆ ಬಂದ, ಹಿಂದೆಯೇ ಅಪ್ಪನೂ ಬಂದ. ಗಡಿಗೆ ಬಗ್ಗಿಸಿ ನೋಡಿ, “ನೂಲಿಗೆ ಹಚ್ಚಾಕೆ ನಿನ್ನೆ ಕಾಸಿಟ್ಟಿದ್ದ ಗಂಜಿ ಎಲ್ಲೋಯ್ತು?” ಎಂದ.

ನನ್ನ ಮೀಸೆಯ ಮೇಲೆ ಅದು ಆಗಲೇ ಒಣಗಿ ಗರಿಗರಿಯಾಗುತ್ತಿತ್ತು. ಅಪ್ಪ ಟವಲಿನಿಂದ ಮುಖ ಮುಚ್ಚಿಕೊಂಡ. ಮುಗಿಯಿತು ಕಥೆ, ಬ್ರಹ್ಮಚಾರಿಯಾಗಿಯೇ ಸಾಯುವುದು ಎಂದುಕೊಂಡೆ.

“ರುಚಿ ಹೆಂಗಿತ್ತು ನಾಯನಾ?” ಎಂದಳು ಮುದುಕಿ.

“ಚೆನ್ನಾಗಿತ್ತಜ್ಜೀ. ಉಪ್ಪು ಒಂಚೂರು ಕಮ್ಮಿ.”

ಮುದುಕಿ ಮಗನ ಕಡೆ ತಿರುಗಿದಳು. “ಇನ್ನ ಯೋಚನೆ ಏನೈತೋ? ತಾಂಬೂಲ ತಟ್ಟೆ ತಗಂಬಾ. ಬಂದ ವರಗಳೆಲ್ಲ ನಮ್ಮ ಹುಡುಗಿ ಬೇಯಿಸಿದ್ದು ಒಂದು ತುತ್ತು ತಿಂದು ಓಡಿಹೋದ್ರು. ಇವನು ಗಂಜೀನೇ ಚಪ್ಪರಿಸಿ ಕುಡಿದವ್ನೆ. ಇವನೊಬ್ಬನೇ ಬಾಳೋನು!”

ಹುಡುಗಿ ಎಂದೂ ಒಲೆಯ ಹತ್ತಿರ ಸುಳಿಯದೆ ರಾಟೆಯ ಮುಂದೆಯೇ ಕೂತಿರುತ್ತಿದ್ದುದನ್ನು ಕಂಡು, ಎಂಥ ಕೆಲಸಗಾತಿ ಎಂದು ನಾನು ಮೆಚ್ಚಿದ್ದೆ. ಅವಳನ್ನು ಅಲ್ಲಿ ಕೂರಿಸಿದ್ದು ಗಿರಾಕಿಗಳ ಕ್ಷೇಮಕ್ಕಾಗಿ ಎಂದು ಅವತ್ತು ಗೊತ್ತಾಯಿತು. ಆದರೂ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಅವಳು ಮೊದಲ ಸಲ ಅಡಿಗೆ ಮಾಡಿ ಬಡಿಸಿದಳು. ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಕಣ್ಣು ತುಂಬಿ ಬಂತು.

“ಯಾಕ್ರೀ, ಅಜ್ಜಿ ನೆನಪಾಯ್ತಾ?” ಎಂದು ಅದೇ ನಗು ನಕ್ಕಳು. ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಇನ್ನೊಂದು ಸೌಟು ಹಾಕಿದಳು.

ಅಜ್ಜಿ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು. ತಿರುಗಿ ನೋಡಿದೆ. ಅವಳೂ ಅಳುತ್ತಿದ್ದಳು.