ಎಸೆಯುವ ಮೊದಲೇ ಬಿದ್ದ ಚೆಂಡು

ರಾಕೆಟ್ ಕೇಂದ್ರದ ಬಸ್ಸು ಹತ್ತುವವರೆಲ್ಲ ವಿಜ್ಞಾನಿಗಳೆಂದು ತಿರುವನಂತಪುರದ ಆ ಫ್ಲ್ಯಾಟಿನವರು ನಂಬಿದ್ದರು. ಶ್ರೀಕಂಠ ಅಲ್ಲಿನ ಅತಿಥಿಗೃಹದಲ್ಲಿ ಕೋಣೆ ಹಂಚುವ ಗುಮಾಸ್ತ. ಮೈಸೂರಿನಿಂದ ಬಂದ ವರ್ಷ ಮಗಳು ಪಾವನಾಳಿಗೆ "ರಾಕೆಟ್ ಹಾರಿಸೋದು ನಾನೇ" ಅಂದಿದ್ದ. ಅವಳೀಗ ಹತ್ತನೇ ತರಗತಿ. ಆ ಮಾತು ಮಾತ್ರ ಇನ್ನೂ ಕೆಳಗಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರಿಗೂ ಅಕ್ಕನಂತಿದ್ದ ಪಕ್ಕದ ಮನೆಯ ಜಾಯ್ಸ್ ಚೇಚಿ ಲಿಫ್ಟಿನಲ್ಲಿ ಅವನ ಕೈಗೆ ಒಂದು ಹಾಳೆ ತುರುಕಿದರು.

"ಸಾರೇ, ನಲವತ್ತು ಮೀಟರ್ ಎತ್ತರದ ಟೆರೇಸಿನಿಂದ ಚೆಂಡು ಮೇಲಕ್ಕೆಸೆದರೆ ಯಾವಾಗ ನೆಲಕ್ಕೆ ಬೀಳುತ್ತೆ ಅಂತ ಲೆಕ್ಕ. ಮಕ್ಕಳಿಗೆ ಬಗೆಹರೀತಿಲ್ಲ. ನಾಲ್ಕು ಗಂಟೆಗೆ ಕೆಳಗಿನ ಹಾಲಿಗೆ ಬನ್ನಿ. ರಾಕೆಟ್ಟಿನವರಿಗೆ ಚೆಂಡು ಏನು ಮಹಾ."

ಹಾಳೆಯಲ್ಲಿ ಸಮೀಕರಣವೂ ಇತ್ತು: t² − 2t − 8 = 0. ಗುಣಿಸಿದರೆ ಮೈನಸ್ ಎಂಟು, ಕೂಡಿಸಿದರೆ ಮೈನಸ್ ಎರಡು ಆಗುವ ಜೋಡಿ ಬೇಕು. ಎಂಟು ಅಧಿಕಾರಿಗಳನ್ನು ಎರಡು ಕೋಣೆಗೆ ಹೊಂದಿಸಿದ್ದವನಿಗೆ ಈ ಎಂಟು, ಎರಡು ಹೊಂದಲಿಲ್ಲ. ಮಗಳ ಮುಂದೆಯೇ ಬಯಲಾಗಬೇಕಲ್ಲ ಎಂದು ಹಾಳೆ ಮಡಚಿ ಜೇಬಿಗಿಳಿಸಿದ.

ಮೇಲಿನ ಮಹಡಿಯ ಕಾಸರಗೋಡಿನ ವಕೀಲ ದಾಮೋದರನ ಬಾಗಿಲು ತಟ್ಟಿದ.

"ಎಂತ ಮಾರಾಯ್ರೆ, ನಿಮಗೇ ಬರುದಿಲ್ವಾ?"

"ಮರೆತುಹೋಗಿದೆ."

"ನನಗೆ ಸೆಕ್ಷನ್ ಮಾತ್ರ ಗೊತ್ತು. ಯಾರ ಹತ್ರ ಆದ್ರೂ ಬರೆಸಿ ಕೊಡ್ತೇನೆ."

ಊಟದ ಹೊತ್ತಿಗೆ ಚೀಟಿ ಬಂತು: (t − 4)(t + 2) = 0. ಉತ್ತರ ನಾಲ್ಕು ಸೆಕೆಂಡು. 4ರ ಬಾಲ ಬೆಕ್ಕಿನ ಬಾಲದ ಹಾಗೆ ಸುರುಳಿಯಾಗಿತ್ತು. ಶ್ರೀಕಂಠ ಎಲ್ಲವನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದ.

ಹಾಲಿನಲ್ಲಿ ಎಲ್ಲ ಸರಿಯಾಗಿಯೇ ಹೋಯಿತು. ಕೊನೆಗೆ ಒಬ್ಬ ಹುಡುಗಿ ಕೈ ಎತ್ತಿದಳು.

"ಸರ್, ಆ ಮೈನಸ್ ಟು?"

"ಅದನ್ನ ಬಿಟ್ಟುಬಿಡಿ."

"ಯಾಕೆ ಸರ್?"

ಎಸೆದ ಚೆಂಡು ಫ್ಯಾನಿನಲ್ಲಿ ಸಿಕ್ಕಿಕೊಂಡಿದೆಯೋ ಎಂಬಂತೆ ಶ್ರೀಕಂಠ ಸೂರು ನೋಡಿದ.

ಪಾವನಾ ಎದ್ದು ಬಂದು ಬೋರ್ಡಿನ ಮೇಲೆ ಗೆರೆ ಎಳೆದಳು. ಚೆಂಡಿನ ದಾರಿಯನ್ನು ಹಿಂದಕ್ಕೆ ಬೆಳೆಸಿದರೆ, ಎಸೆಯುವ ಎರಡು ಸೆಕೆಂಡು ಮೊದಲೇ ಅದು ನೆಲದಲ್ಲಿತ್ತು ಎಂದಾಗುತ್ತದೆ. ಆಗ ಚೆಂಡು ಕೈಯಲ್ಲೇ ಇದ್ದುದರಿಂದ ಆ ಉತ್ತರ ಬಿಡಬೇಕು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಗೆರೆಯ ಒಂದು ತುದಿಗೆ −2 ಬರೆದಳು, ಇನ್ನೊಂದಕ್ಕೆ 4. ಅದರ ಬಾಲ ಸುರುಳಿಯಾಗಿತ್ತು.

ಮೆಟ್ಟಿಲು ಹತ್ತುವಾಗ ಶ್ರೀಕಂಠ ಜೇಬಿನ ಚೀಟಿ ತೆಗೆದು ಮಗಳ ಮುಂದೆ ಹಿಡಿದ.

"ನನ್ನ ಕೆಲಸ ಏನಂತ ಯಾವಾಗಿಂದ ಗೊತ್ತು?"

"ಮೈನಸ್ ಟು."

"ಸೆಕೆಂಡಾ?"

"ಇಯರ್ಸ್, ಅಪ್ಪಾ. ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ನಾನು ಹಲೋ ಅನ್ನೋ ಮುಂಚೆನೇ ರೂಮ್ ಖಾಲಿ ಇಲ್ಲ ಅಂದು ಇಟ್ರಿ."

ಕೆಳಗಿನಿಂದ ಜಾಯ್ಸ್ ಚೇಚಿಯ ದನಿ ಬಂತು. "ಸಾರೇ, ಇನ್ನು ಪ್ರತಿ ಭಾನುವಾರ ಕ್ಲಾಸು. ಎಲ್ಲರಿಗೂ ಹೇಳಿಬಿಟ್ಟಿದ್ದೇನೆ."

ನಿಜ ಹೇಳಿಯೇಬಿಡೋಣವೆಂದು ಶ್ರೀಕಂಠ ಬಾಯಿ ತೆರೆದ. ಪಾವನಾ ಅವನ ಕೈ ಅದುಮಿದಳು.

"ಹೂಂ ಅನ್ನಿ. ಚೀಟಿ ಶನಿವಾರವೇ ಕೊಡ್ತೀನಿ."